ಎಂಬತ್ತೆರಡು ಡಿಗ್ರಿ

ಬಾನೆಟ್ ಎತ್ತಿ ಕೋಲು ಕೊಟ್ಟೆ.
ವಾದಿ ಕಬೀರ್, ಬೆಳಿಗ್ಗೆ ಏಳೂವರೆ,
ಗ್ಯಾರೇಜಿನ ತಗಡಿನ ಮಾಡು ಆಗಲೇ ಚಟಪಟ.
ರಾತ್ರಿಪಾಳಿ ಮುಗಿಸಿ ಬಂದ ಎಮಿಲ್ಡಾ ಬಾಯಿ
ಯೂನಿಫಾರ್ಮಿನಲ್ಲೇ ಟಯರಿನ ಅಟ್ಟಿಯ ಮೇಲೆ ಕೂತಿದ್ದಾರೆ,
ಮುನ್ನೂರಿಪ್ಪತ್ತು ರಿಯಾಲಿಗೆ ಕೊಂಡ ಕಾರನ್ನು
ವಾರ್ಡಿಗೆ ಸೇರಿಸಿಬಿಟ್ಟವರ ಹಾಗೆ ನೋಡುತ್ತಾ.

"ಕೇಳಿ ಬಾಯಿ, ಇದರ ಜಾತಕ.
ತೊಂಬತ್ತೇಳರ ಮಾಡೆಲ್. ಸಾವಿರದ ಇನ್ನೂರ ತೊಂಬತ್ತೆಂಟು ಸಿಸಿ,
ನಾಲ್ಕು ಸಿಲಿಂಡರು, ಹದಿನಾರು ವಾಲ್ವು.
ಆಯಿಲ್ ಮೂರೂಕಾಲು ಲೀಟರು. ಇದು ಜಾಸ್ತಿ ಕುಡಿಯುತ್ತದೆ.
ಬೆಂಕಿ ಹೊತ್ತುವ ಸರದಿ
ಒಂದು, ಮೂರು, ನಾಲ್ಕು, ಎರಡು.
ಮುಲ್ಕಿಯಾದಲ್ಲಿ ಬಣ್ಣ ಬೆಳ್ಳಿ, ಬಾಗಿಲ ಸಂದಿಯಲ್ಲಿ ಬಿಳಿ.
ಮೀಟರಿನಲ್ಲಿ ತೊಂಬತ್ತು ಸಾವಿರ. ನಂಬಬೇಡಿ.
ಪೆಡಲಿನ ರಬ್ಬರು ಸವೆದು ಬೋಳಾಗಿದೆ.
ಡಿಕ್ಕಿಯ ತಳಕ್ಕೆ ಮಾತ್ರ ಇಷ್ಟು ತುಕ್ಕು ಯಾಕೋ ತಿಳಿಯದು."

ಬಾಯಿ ಕೇಸ್‌ಶೀಟು ಓದಿದರು:
ಸಿಗ್ನಲ್ಲಿನಲ್ಲಿ ನಿಂತರೆ ನಡುಕ.
ಬೌಶರ್ ಏರಿನಲ್ಲಿ ಎಸಿ ಹಾಕಿದರೆ ಸುಸ್ತು,
ಕನ್ನಡಿಯಲ್ಲಿ ನೀಲಿ ಹೊಗೆ.

ನಡುಕಕ್ಕೆ ಮದ್ದು ಇತ್ತು. ಐಡಲ್ ವಾಲ್ವಿನ ಮಸಿ ತೊಳೆದೆ.
ವಾಲ್ವ್ ಕವರಿನ ಗ್ಯಾಸ್ಕೆಟ್ ಚಕ್ಕುಲಿಯ ಹಾಗೆ ಮುರಿದು ಬಂತು,
ಪ್ಲಗ್ಗಿನ ಬಾವಿಗಳಲ್ಲಿ ಆಯಿಲ್ ನಿಂತಿತ್ತು.
ರೇಡಿಯೇಟರಿಗೆ ವರ್ಷಗಟ್ಟಲೆ ನಲ್ಲಿನೀರು ಕುಡಿಸಿದ್ದಾರೆ,
ಇಳಿಸಿದರೆ ಬೆಲ್ಲದ ಪಾಕ.

ಪ್ಲಗ್ಗು ಬಿಚ್ಚಿ ಗೇಜು ಹಿಡಿದೆ.
ಒಂದಕ್ಕೆ ನೂರೆಪ್ಪತ್ತು. ಎರಡು, ನಾಲ್ಕು ಹೆಚ್ಚುಕಮ್ಮಿ ಅಷ್ಟೇ.
ಮೂರನೆಯದು ನೂರಹತ್ತಕ್ಕೆ ನಿಂತಿತು.
ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದೆ,
ನೂರೈವತ್ತು.
ವಾಲ್ವಲ್ಲ, ರಿಂಗು.

ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿ ಬೆರಳು ಹಾಕಿದೆ.
ಬರೀ ತೂತು.

"ಯಾವ ಪುಣ್ಯಾತ್ಮ ಕಿತ್ತು ಬಿಸಾಡಿದನೋ!
ಬಿಸಿಲ ದೇಶ, ಇದು ಯಾಕೆ ಬೇಕು ಅಂತ ಕೀಳುತ್ತಾರೆ ಬಾಯಿ.
ಹಿತ್ತಾಳೆ ಬಟ್ಟಲಲ್ಲಿ ಗುಟುಕು ಮೇಣ,
ಎಂಬತ್ತೆರಡು ಡಿಗ್ರಿಗೆ ಕರಗಿ ಬಾಗಿಲು ತೆರೆಯುತ್ತದೆ,
ಅಲ್ಲಿತನಕ ಮುಚ್ಚಿರಬೇಕು.
ಬಾಗಿಲೇ ಇಲ್ಲದ ಎಂಜಿನು ಕಾಯುವುದಿಲ್ಲ.
ಜನವರಿಯ ಬೆಳಗುಗಳಲ್ಲಿ ಹಸಿ ಪೆಟ್ರೋಲು
ಗೋಡೆಯ ಆಯಿಲನ್ನು ತೊಳೆದು ಹೋಗುತ್ತದೆ,
ರಿಂಗು ಒಣಗೋಡೆ ಉಜ್ಜುತ್ತದೆ.
ಇಲ್ಲಿನ ಬಿಸಿಲಲ್ಲಿ ಇದು
ಚಳಿಗೆ ಸವೆದಿದೆ."

"ಜ್ವರ ಇಳಿಸಲು ನಾವೂ ಅವಸರ ಮಾಡುವುದಿಲ್ಲ," ಅಂದರು ಬಾಯಿ.

ಮುಚ್ಚಳದ ಕೊಳೆಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ.
ಎಡಗಡೆ ಬೋಲ್ಟಿನ ತಲೆ ಮೇಲೆ ಒಂದು ಹಸಿರು ಚುಕ್ಕೆ.

ಹಸಿರು. ಈ ಶಟರಿನ ಬಣ್ಣ.
ನೀನು ಬಿಗಿದದ್ದಕ್ಕೆ ನಿನ್ನ ಗುರುತಿರಲಿ ಎಂದಿದ್ದ ಉಸ್ತಾದ್ ಬರ್ಕತ್,
ಮಲ್ಪೆಯ ಬೋಟಿನ ಡೀಸೆಲ್ ಇನ್ನೂ ಉಗುರಿನಲ್ಲಿದ್ದ
ನನ್ನ ಮೊದಲ ವರ್ಷ.
ಜುಲೈ ನಡುಮಧ್ಯಾಹ್ನ. ಬರ್ಕಾದ ಮೀನಿನ ಮುದುಕ,
ಕಾರು ಬಿಳಿ, ಡಿಕ್ಕಿಯಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು.
ಮುಳ್ಳು ಕೆಂಪಿಗೆ ಹೋಗುತ್ತದೆ, ಕಿಸೆಯಲ್ಲಿ ಎರಡೇ ರಿಯಾಲ್ ಅಂದ.
ಹತ್ತು ನಿಮಿಷದಲ್ಲಿ ಕಿತ್ತು ಕೊಟ್ಟೆ.
ಖುಷಿಯಾಗಿ ಒಂದು ಅಂಜಲ್ ಸಹ ಕೊಟ್ಟು ಹೋದ.
ಆ ರಾತ್ರಿ ರೂಮಿನಲ್ಲಿ ಎಲ್ಲರೂ ಬೆರಳು ನೆಕ್ಕಿದ್ದೆವು.

ಚುಕ್ಕೆಯನ್ನು ಥಿನ್ನರಿನಲ್ಲಿ ಒರೆಸಲು ಹೋದೆ. ಬಿಟ್ಟೆ.

ಬಿಲ್ಲು ಬರೆದೆ. ಗ್ಯಾಸ್ಕೆಟ್, ಪ್ಲಗ್ಗು, ಕೂಲೆಂಟ್, ಕೂಲಿ.
ಥರ್ಮೋಸ್ಟಾಟಿನ ಮುಂದೆ ಗೆರೆ ಎಳೆದೆ.
"ಇದಕ್ಕೆ ಯಾಕೆ ಗೆರೆ?"
"ಹಳೇ ಬಾಕಿ, ಬಾಯಿ."
ಶುಕ್ರವಾರಕ್ಕೊಮ್ಮೆ ಆಯಿಲ್ ಕಡ್ಡಿ ನೋಡಿ ಅಂದೆ,
ರಿಂಗಿನ ಕೆಲಸ ಮುಂದಿನ ವರ್ಷಕ್ಕೆ ನೋಡೋಣ.

ಸ್ಟಾರ್ಟ್ ಮಾಡಿದರು.
ಒಂದು, ಮೂರು, ನಾಲ್ಕು, ಎರಡು,
ಮೂರರಲ್ಲಿ ಸಣ್ಣ ಎಡವು.
ನಾನು ಮೇಲಿನ ಹೋಸು ಹಿಡಿದು ನಿಂತೆ.
ಬಿಸಿಲಿನಷ್ಟೇ ಬೆಚ್ಚಗೆ, ಅದಕ್ಕಿಂತ ಹೆಚ್ಚಿಲ್ಲ.
ಮುಚ್ಚಿದೆ, ಇನ್ನೂ ಮುಚ್ಚಿದೆ.
ಬಾಯಿ ಎದೆಗೆ ಚುಚ್ಚಿಕೊಂಡ ಗಡಿಯಾರ ತಿರುಗಿಸಿ ನೋಡಿದರು.
ಆರು ನಿಮಿಷ. ಏಳು.

ಬಂತು, ಅಂದೆ.
ಕೈ ತೆಗೆಯಲಿಲ್ಲ, ಸುಡುವ ತನಕ.