ವಾರೆ ಬೆಳಕು

'ಹತ್ತತೈತಿ, ಆದರ ಕಾಣವಲ್ದು,'
ಅಂದಳು ಫೋನಿನ್ಯಾಗ ಶಿವಲೀಲಾ.
ಹನ್ನೆರಡು ವರ್ಷದ ರಿಪೇರಿಯೊಳಗ
ಇಷ್ಟು ನೀಟಾಗಿ ರೋಗ ಹೇಳಿದವರು ಮತ್ತೊಬ್ಬರಿಲ್ಲ.
ಉಳಿದವರು 'ಸತ್ತೈತ್ರಿ' ಅಂತಾರ,
ಹೋಗಿ ನೋಡಿದರ ವೈರೇ ಹಚ್ಚಿರೋದಿಲ್ಲ.

ಹಳಿ ದಾಟಿ ಬೆಟಗೇರಿ ಮುಟ್ಟಿದಾಗ ನಾಲ್ಕು ಹೊಡೆದಿತ್ತು.
ಓಣಿಯೊಳಗ ಎರಡೇ ಮಗ್ಗದ ಸಪ್ಪಳ,
ಉಳಿದದ್ದು ಟಿವಿ.
ನೇಕಾರರ ಸೊಸೈಟಿ ಚುನಾವಣೆ ನಾಡಿದ್ದು.
ಹ್ಯಾಂಡ್‌ಬಿಲ್ಲು ಆರಕ್ಕ ಬೇಕು, ಗುರುತು ಕತ್ತರಿ.
ಅಭ್ಯರ್ಥಿ ಫಕೀರಪ್ಪ ಬಣ್ಣದ ಬಾಗಿಲಿನ್ಯಾಗ ನಿಂತಿದ್ದರು,
ಹೆರಿಗಿ ಕೋಣಿ ಮುಂದ ನಿಂತಂಗ.

ಮೊದಲು ಕಿವಿ.
ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಸಣ್ಣದೊಂದು ಬೀಪು.
ಒಂದು ಅಂದರ ಆರಾಮ,
ಒಂದು ಉದ್ದ ಎರಡು ಗಿಡ್ಡ ಅಂದರ ಕಾರ್ಡಿಗೆ ಕೇಡು,
ಬಿಡದೆ ಹೊಯ್ಕೊಂಡರ ರ‍್ಯಾಮು.
ನಮ್ಮ ಮುತ್ಯಾ ಪಿಂಜಾರ. ಬಿಲ್ಲಿನ ನಾರಿ
ಟೊಂಯ್ ಅಂದದ್ದಕ್ಕೇ ಹೇಳತಿದ್ದ:
'ಅರಳಿ ಹಸಿ ಐತಿ, ನಾಳೆ ಬಾ.'
ಬಿಲ್ಲು ಅಟ್ಟದ ಮ್ಯಾಲೆ ಐತಿ. ಕಿವಿ ನನಗ ಬಂತು.

ಆದರೂ ತೆರೆದೆ. ಬೀಪು ನಂಬಿ ಕೆಟ್ಟಾಂವ ನಾ.
ಡಬ್ಬಿಯೊಳಗ ಎಂಟು ವರ್ಷದ ಬೆಟಗೇರಿ:
ಕೆಂಪು ಎಳಿ, ಹಸಿರು ಎಳಿ,
ನೂಲಿನ ಧೂಳು ಗಾದಿಯಷ್ಟು ದಪ್ಪ,
ನಡುವ ಒಂದು ಜಿರಳಿ, ಒಣಗಿ ಶೇಂಗಾ ಸಿಪ್ಪಿ ಆಗಿತ್ತು.
ಊದಿದೆ, ಝಾಡಿಸಿದೆ, ರ‍್ಯಾಮು ಕಿತ್ತು
ಅವಳ ಮಗನ ಕಂಪಾಸಿನ ರಬ್ಬರಿನಿಂದ
ಬಂಗಾರದ ಹಲ್ಲು ತಿಕ್ಕಿದೆ,
ಟಕ್ ಅನ್ನೋತನಕ ಒತ್ತಿ ಕೂಡಿಸಿದೆ.
ಬ್ಯಾರೆ ಕೇಬಲ್ಲು ಹಚ್ಚಿದೆ.
ಪರದೆ ಹಂಗೇ, ಕರಿ.

'ತಮ್ಮಾ, ದುರ್ಗವ್ವಗ ಒಂದು ಕಾಯಿ ಒಡಿಸಲೇನು?'
'ಒಡಿಸ್ರಿ ಕಾಕಾ. ನೀರು ಮಾತ್ರ ಇದರ ಮ್ಯಾಲೆ ಬ್ಯಾಡ.'

ಅಷ್ಟರಾಗ ಸ್ಪೀಕರಿನಿಂದ
ಚಾಲೂ ಆದಾಗ ಬರೋ ಆ ರಾಗ.
'ಒಳಗ ಎದ್ದೈತಿ ನೋಡ್ರಿ,' ಅಂದಳು ಶಿವಲೀಲಾ.
ನಂಬರ್ ಲಾಕ್ ಒತ್ತಿದಳು. ಹಸಿರು ದೀಪ
ಹತ್ತಿತು, ಆರಿತು, ಮತ್ತ ಹತ್ತಿತು.
ಕರೆದರ ಓ ಅಂತೈತಿ,
ಮುಖ ತೋರಸವಲ್ದು.

ಕಿಟಕಿ ಹಾಕು ಅಂದೆ.
ಮೊಬೈಲಿನ ಬ್ಯಾಟ್ರಿ ಹಚ್ಚಿ ಪರದೆಗೆ ಹಿಡಿದೆ.
ನೆಟ್ಟಗ ಹಿಡಿದರ ಬರೇ ನನ್ನದೇ ಮೋತಿ.
ವಾರೆ ಮಾಡಿದೆ,
ಬಾವಿಯೊಳಗ ಬಿದ್ದ ಕೊಡ ಹುಡುಕಾಕ
ಕನ್ನಡಿ ಹಿಡಿದು ಬಿಸಲು ಇಳಸತಾರಲ್ಲ, ಹಂಗ.

ಇತ್ತು.
ಬೂದಿ ಮ್ಯಾಲೆ ಬೆರಳಾಡಿಸಿದಷ್ಟು ತೆಳ್ಳಗ
ಅವಳ ಮಗ, ಮುಂದಿನ ಹಲ್ಲಿಲ್ಲದ ನಗಿ,
ಅವನ ಸುತ್ತ ಫೋಲ್ಡರುಗಳು:
ಮದುವೆ, ಮದುವೆ ಹೊಸದು,
ಫೈನಲ್, ಖರೇ ಫೈನಲ್.

'ಹಿಂದಿನ ದೀಪ ಹೋಗೇತಿ, ಅಷ್ಟೇ.
ಅಕ್ಷರ ಮೂಡತಾವ, ಬೆಳಕಿಲ್ಲ.
ಬ್ಯಾರೆ ಮಾನಿಟರು ನಾಳೆ ಹನ್ನೊಂದಕ್ಕ, ಹುಬ್ಬಳ್ಳಿಯಿಂದ.'
ಫಕೀರಪ್ಪ ಗಡಿಯಾರ ನೋಡಿದರು.
ಅವಳು ನನ್ನ ಕೈ ನೋಡಿದಳು:
'ಹಿಡಕೊಂಡು ನಿಂದರತೀರೇನು?'

ನಿಂತೆ. ಅಂಗೈಯಷ್ಟು ಬೆಳಕು.
ಎಡಕ್ಕ. ಕೆಳಗ. ಇನ್ನೊಂಚೂರು. ತಡೀರಿ.
ಒಂದೊಂದೇ ಅಕ್ಷರ ನೀರಿನ್ಯಾಗಿಂದ ಎತ್ತಿದಂಗ ಓದಿದಳು,
ಬೆಳಿಗ್ಗೆ ಝಗಝಗ ಪರದಿಯೊಳಗ
ಮೂರು ಮಂದಿ ಓದಿ ಸೈ ಅಂದಿದ್ದನ್ನ.
ಎರಡನೇ ಸಾಲಿಗೆ ಅವಳ ಬೆರಳು ನಿಂತಿತು:
ಒತ್ತಕ್ಷರ ಬಿದ್ದು 'ಫಕೀರಪ್ಪ ಬಣದ' ಆಗಿತ್ತು.
'ಚುನಾವಣ್ಯಾಗ ಎರಡೂ ನಡೀತಾವ,' ಅಂದೆ.
ಕಾಕಾ ನಗಲಿಲ್ಲ.

ತಿದ್ದಿದಳು. ಪ್ರಿಂಟರು ಕೆಮ್ಮಿ
ಮೊದಲ ಹಾಳಿ ಉಗುಳಿತು. ಕತ್ತರಿ ಕಪ್ಪಗ, ದುಂಡಗ,
ಎಲ್ಲರಿಗೂ ಕಾಣೂವಂಗ.

ರಿಪೇರಿ ಆಗಿಲ್ಲ, ರೊಕ್ಕ ಬ್ಯಾಡ ಅಂದೆ.
ಚಾ ಕುಡಿಸಿದರು.
ತಿರುಗಿ ಹಳಿ ದಾಟುವಾಗ ಬಲಭುಜ ಜೋಮು ಹಿಡಿದಿತ್ತು,
ಮುತ್ಯಾಗೂ ಅದೇ ಭುಜ ಹಿಡೀತಿತ್ತಂತ.
ಕಿಸೆಯೊಳಗ ಒಂದು ಹ್ಯಾಂಡ್‌ಬಿಲ್ಲು, ಇನ್ನೂ ಬೆಚ್ಚಗ.
ಆ ಸೊಸೈಟಿಯೊಳಗ ನನಗ ಓಟಿಲ್ಲ.