ಆಕ್ಷೇಪಣೆಗೆ ಏಳು ದಿನ

ಜುಬೈಲ್, ಶುಕ್ರವಾರ. ಕುಚ್ಚಲಕ್ಕಿ ಬೇಯುವವರೆಗೆ
ಇದ್ದಿನಬ್ಬ ಮೊಬೈಲಿನಲ್ಲಿ ನಮ್ಮೂರ ನಕ್ಷೆ ಹಿಗ್ಗಿಸುತ್ತಾನೆ.
ಹೊಸ ವಾರ್ಡುಗಳಂತೆ.

ಹಂಚಿನ ಕಾರ್ಖಾನೆಯಿಂದ ನೇರ ಬಂದ ಗೆರೆ
ಮೀನುಪೇಟೆಯ ಹತ್ತಿರ ಏನೋ ನೆನಪಾದವರ ಹಾಗೆ ತಿರುಗಿ
ನಮ್ಮ ಓಣಿಯ ಒಂದೇ ಮಗ್ಗುಲನ್ನು ತಬ್ಬಿಕೊಂಡು ಹೋಗಿದೆ.
ಅವನ ಮನೆ ಒಂಬತ್ತರಲ್ಲಿ, ಬಾವಿ ಹದಿನಾಲ್ಕರಲ್ಲಿ.
ಹಗ್ಗ ಯಾವ ವಾರ್ಡಿನದು ಮಾರಾಯ,
ಕೇಳಿ ತಾನೇ ನಗುತ್ತಾನೆ.

ನಾನಿಲ್ಲಿ ಪೈಪ್‌ಲೈನಿನ ಸರ್ವೇಯರ್.
ಗೆರೆ ಒಂದು ಮೀಟರ್ ಬಾಗಿದರೂ ಕಾರಣ ಬರೆಯಬೇಕು:
ಬಂಡೆ, ಹಳೇ ಕೇಬಲ್, ಒಂಟೆ ದಾಟುವ ಜಾಗ.
ಈ ನಕ್ಷೆಯಲ್ಲಿ ಕಾರಣದ ಕಾಲಮ್ಮೇ ಇಲ್ಲ.

ಯಾರಿಗೆ ಗೊತ್ತಿಲ್ಲ?
ಕಳೆದ ಸಲ ಗೆದ್ದವರು
ಗೆದ್ದದ್ದು ಹನ್ನೊಂದೇ ಮತದಿಂದ.

ಆಕ್ಷೇಪಣೆಗೆ ಏಳು ದಿನ. ಖುದ್ದಾಗಿ, ಮೂರು ಪ್ರತಿ.
ನಮ್ಮ ರಜೆ ಫೆಬ್ರವರಿಗೆ.
ಮತ ಹಾಕಲಿಕ್ಕೂ ಮೈ ಅಲ್ಲಿಗೇ ಹೋಗಬೇಕು;
ಊರಿಗೆ ದುಡ್ಡು ಕಳಿಸಲು ಮಾತ್ರ
ಹೆಬ್ಬೆರಳು ಸಾಕು.

ಗಂಜಿ ಬಸಿಯುತ್ತ ಅವನು ಉಮ್ಮನಿಗೆ ಫೋನು ಹಚ್ಚಿದ.
ಎರಡು ಸಲ. ಎತ್ತಲಿಲ್ಲ.
ನೀರಿಗೆ ಹೋಗಿರಬೇಕು, ಅಂದ,
ಹದಿನಾಲ್ಕಕ್ಕೆ.