ಮೂಲೆಯ ಹುಡುಗಿಗೆ

ಮೂಲೆಗೆ ಹಾಕಿದರು ಅಂತ
ಮುಖ ಊದಿಸಿಕೊಳ್ಳಬೇಡ ಅಸ್ಮತ್.
ಮುರಿದ ಮೊರ, ಸವೆದ ಪೊರಕೆ ಇಡುವ ಮೂಲೆ ಬೇರೆ,
ತಿಂಗಳಿಗೆ ಮೂರು ದಿನ ಕೂತಿರು ಅನ್ನುವ ಮೂಲೆ ಬೇರೆ.
ಬಾ, ಇಲ್ಲಿ ನಿಲ್ಲು.
ಬೋನಸ್ ಗೆರೆಯಿಂದ ಎರಡು ಗೇಣು ಹಿಂದೆ,
ಎಡಗಾಲು ಲಾಬಿಯ ಕಡೆಗೆ.
ಸುಣ್ಣ ಮುಗಿದಿದೆ. ಈವತ್ತಿನ ಗೆರೆ
ನಿಮ್ಮ ಬೀದಿಯ ಫಿಲೇಚರ್ ಒಲೆಯ ಬೂದಿ.
ತುಳಿದರೆ ಅಳಿಸುತ್ತೆ, ಆದ್ದರಿಂದ
ಎಲ್ಲಿತ್ತು ಅನ್ನುವುದನ್ನ ಹಿಮ್ಮಡಿಯಲ್ಲಿ ನೆನಪಿಟ್ಟುಕೋ.

ರೈಡರ್ ಬಂದಳು.
ಅವಳ ಕಣ್ಣು ನೋಡಬೇಡ, ಕಣ್ಣಿಗೆ ಸುಳ್ಳು ಬರುತ್ತೆ.
ಕೈ ಇನ್ನೂ ದೊಡ್ಡ ಕಳ್ಳ.
ಸೊಂಟ ನೋಡು.
ಸೊಂಟ ಹೊರಳಿದ ಮೇಲೇ ಕಾಲು ಹೊರಡುವುದು;
ಆ ಅರ್ಧ ಕ್ಷಣ ನಿನ್ನದು.

ಅವಳು ಬಲಕ್ಕೆ ಹೋದಳಾ? ಹೋಗಲಿ.
ಅಲ್ಲಿ ತ್ರಿವೇಣಿ ಇದ್ದಾಳೆ.
ಕತ್ತು ತಿರುಗಿಸು, ಪಾದ ತಿರುಗಿಸಬೇಡ.
ನಿನಗೆ ಒಪ್ಪಿಸಿರುವುದು ನೆಲ, ಅಸ್ಮತ್,
ಎರಡು ಚಾಪೆ ಹಾಸಿದಷ್ಟು ನೆಲ.
ಅದರೊಳಗೆ ಯಾರು ಬಂದರೂ ನಿನ್ನ ನೆಂಟರು,
ಬರದವರು ಯಾರೋ.

ಶಾಹೀನಳ ಕೈ ಹಿಡಿದಿರು, ಬೆರಳಿಗೆ ಬೆರಳು.
ಮಣಿಕಟ್ಟು ಬಿಗಿದರೆ ಇಬ್ಬರೂ ಒಟ್ಟಿಗೇ ಬೀಳ್ತೀರಿ.
ಬಿಡಲು ಬರುವ ಹಾಗೆ ಹಿಡಿ.

ಇನ್ನು ಕಾಲು ಹಿಡಿಯುವುದು.
ನಿಮ್ಮಮ್ಮ ಬೇಸಿನ್ ಮುಂದೆ ಕೂತು
ನೂಲಿನ ತುದಿ ಹುಡುಕುವುದ ನೋಡಿದ್ದೀಯಲ್ಲ?
ಕುದಿವ ನೀರಲ್ಲಿ ಗೂಡುಗಳೆಲ್ಲ ಕುಣಿಯುತ್ತಿರುತ್ತವೆ.
ಅವಳು ಒಂದರ ಹಿಂದೆಯೂ ಕೈ ಓಡಿಸಲ್ಲ.
ಇರುತ್ತಾಳೆ. ಬಂತು, ಚಿಟಿಕೆ,
ಎಳೆ ಮೇಲಕ್ಕೆ.
ಹಾಗೆ ಹಿಡಿ, ಕಣಕಾಲು.

'ಅಮ್ಮನ ಬೆರಳಿಗೆ ಬಿಸಿ ಗೊತ್ತಾಗಲ್ಲ ಮೇಡಂ.
ಎಳೆನೂ ಗೊತ್ತಾಗಲ್ಲ. ಕಣ್ಣಲ್ಲಿ ಹಿಡೀತಾಳೆ.
ಅನ್ನ ಕಲೆಸುವಾಗ ಉಪ್ಪು ಉರಿಯುತ್ತೆ ಅಂತ
ಸ್ಪೂನಲ್ಲಿ ತಿಂತಾಳೆ.'

ಮೈದಾನದಾಚೆ ಬಾಯ್ಲರ್ ಒಂದು ಉಸಿರು ಬಿಟ್ಟಿತು.
ಸಂಜೆ ಗಾಳಿಯಲ್ಲಿ ಬೆಂದ ಹುಳುವಿನ ವಾಸನೆ,
ಇಡೀ ಶಿಡ್ಲಘಟ್ಟಕ್ಕೆ ಗೊತ್ತಿರುವುದು.

ಸರಿ. ಆ ಮಾತು ವಾಪಸ್.
ಬೇರೆಯವರ ಕೈ ತೋರಿಸಿ ಪಾಠ ಹೇಳಬಾರದಿತ್ತು.
ನನ್ನ ಕಾಲಿನದು ಹೇಳುತ್ತೇನೆ ಕೇಳು.

ಹತ್ತೊಂಬತ್ತು ವರ್ಷದ ಕೆಳಗೆ, ಚಿಂತಾಮಣಿ,
ನಾನೂ ಎಡಮೂಲೆ.
ಗೌರಿಬಿದನೂರಿನ ಹುಡುಗಿಯೊಬ್ಬಳು
ಕಾಲುಚೈನು ಬಿಚ್ಚಿಟ್ಟು ಬಂದಿದ್ದಳು.
ಕಪ್ಪು ಕಾಲಲ್ಲಿ ಅದರ ಗುರುತು, ಬೆಳ್ಳಗೆ, ಬಳೆಯ ಹಾಗೆ.
ಹಿಡಿದರೆ ಅಲ್ಲೇ ಹಿಡಿಯಬೇಕು ಅಂತ
ಅದನ್ನೇ ನೋಡುತ್ತಾ ಒಂದು ಹೆಜ್ಜೆ ಬಂದೆ,
ಇನ್ನೊಂದು ಬಂದೆ,
ಮೂರನೆಯದು ನಾನು ಇಟ್ಟದ್ದಲ್ಲ, ಅವಳು ಇಡಿಸಿದ್ದು.
ಅವಳು ನನ್ನನ್ನ ಮುಟ್ಟಲೂ ಇಲ್ಲ.
ನಾನು ಬಿಟ್ಟುಬಂದ ಜಾಗಕ್ಕೆ ಬಲಗಾಲು ಚಾಚಿ
ಬೋನಸ್ ತಗೊಂಡು ಹೊರಟುಹೋದಳು.
ಸೋತದ್ದು ಒಂದೇ ಪಾಯಿಂಟಿಗೆ.
ಬಸ್ಸಿನಲ್ಲಿ ಯಾರೂ ನನ್ನ ಬೈಯಲಿಲ್ಲ.
ಕಡ್ಲೇಕಾಯಿ ಪೊಟ್ಟಣ ನನ್ನ ಸೀಟಿನ ತನಕ ಬಂದು
ಹಾಗೇ ಮುಂದೆ ಹೋಯಿತು.

ಅದಕ್ಕೇ ಹೇಳುವುದು.
ಇಡೀ ಆಟ ನಿನ್ನ ಕಡೆ ಯಾರೂ ಸುಳಿಯದೇ ಇರಬಹುದು.
ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಸೊನ್ನೆ.
ಮನೆಯಲ್ಲಿ ಕೇಳುತ್ತಾರೆ, ನೀನೇನು ಮಾಡಿದೆ ಅಂತ.
ಹೇಳಲು ನಿನಗೆ ಏನೂ ಇರಲ್ಲ.
ನನ್ನ ಹತ್ತಿರ ಕಳಿಸು, ಆ ಸೊನ್ನೆ ಓದಲು ನನಗೆ ಬರುತ್ತೆ.

ಆಯಿತು, ದುಪಟ್ಟಾ ಬಿಗಿದು ಕಟ್ಟು.
ಬೆನ್ನು ಸ್ವಲ್ಪ ಬಾಗಲಿ, ಮಂಡಿ ಜಾಸ್ತಿ ಬಾಗಲಿ.
ಗಂಗರತ್ನ, ನೀನು ರೈಡಿಗೆ.
ಕನಿಕರ ತೋರಿಸಬೇಡ, ಹೊಸಬಳು ಅಂತ.
ಅಸ್ಮತ್,
ಯಾಕೆ ಉಸಿರು ಕಟ್ಟಿಕೊಂಡು ನಿಂತಿದ್ದೀಯ?
ಉಸಿರು ಹಿಡಿಯುವುದು ಅವಳ ಕೆಲಸ.
ನೀನು ಉಸಿರಾಡು.